ಮುಂದಿನ ಹಲ್ಲಿನ ಸಂದಿ ಮತ್ತು ಮೇಲ್ತುಟಿಯ ಫ್ರೀನಮ್: ಯಾವಾಗ ಕತ್ತರಿಸಬೇಕು, ಯಾವಾಗ ಕಾಯಬೇಕು

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನ್ನ ಮಗಳಿಗೆ ಎಂಟೂವರಿ ವರ್ಷ. ಮ್ಯಾಲಿನ ಎರಡು ದೊಡ್ಡ ಹಲ್ಲಿನ ನಡುವ ಸಂದಿ ಐತಿ. ತುಟಿ ಎತ್ತಿ ನೋಡಿದ್ರ ಒಳಗಿನ ಪಟ್ಟಿ ದಪ್ಪಗ ಇಳಿದು ಹಲ್ಲಿನ ನಡುವನ ಕೂತೈತಿ. ಒಬ್ಬ ಡಾಕ್ಟರು, ಲೇಸರ್‌ನ್ಯಾಗ ಈಗ ಕತ್ತರಿಸಿಬಿಡೋಣು, ಸಂದಿ ತಾನ ಕೂಡ್ತೈತಿ ಅಂದ್ರು. ಇನ್ನೊಬ್ಬರು ಹನ್ನೆರಡು ವರ್ಷದ ತನಕ ಮುಟ್ಟಬ್ಯಾಡ್ರಿ ಅಂದ್ರು. ಮನ್ಯಾಗ ಅತ್ತಿಯವರು, ಸಂದಿ ಹಲ್ಲು ಅದೃಷ್ಟ, ಬಿಡು ಅಂತಾರ. ಯಾರ ಮಾತು ಕೇಳೂದ್ರಿ? ನನ್ನ ತಂಗಿಯ ಮೂರು ತಿಂಗಳ ಕೂಸಿಗೂ ಇಂಥದ್ದ ಪಟ್ಟಿ ಐತಿ; ಹಾಲು ಕುಡಿಯಾಕ ಅಡ್ಡಿ ಆಗ್ತೈತಿ, ಕತ್ತರಿಸ್ರಿ ಅಂತ ಯಾರೋ ಹೇಳ್ಯಾರಂತ.
– ಒಬ್ಬ ತಾಯಿ, ರಾಣೆಬೆನ್ನೂರು

ಉತ್ತರ: ಎರಡನೆಯ ಡಾಕ್ಟರ ಮಾತು ಸರಿಗೆ ಹತ್ತಿರ ಇದೆ. ಆದರೆ ಮುಟ್ಟಬೇಡಿ ಅಂದರೆ ನೋಡುವುದನ್ನೂ ಬಿಡಿ ಅಂತಲ್ಲ. ಎಂಟೂವರೆ ವರ್ಷದಲ್ಲಿ ಫ್ರೀನಮ್, ಅಂದರೆ ನೀವು ಹೇಳುವ ಆ ಪಟ್ಟಿ, ಒಂದನ್ನೇ ಕತ್ತರಿಸಿದರೆ ಸಂದಿ ಮುಚ್ಚುತ್ತದೆ ಎಂಬ ಭರವಸೆ ಯಾರೂ ಕೊಡಲಾರರು. ಬದಲಿಗೆ ಅಲ್ಲಿ ಗಾಯದ ಕಲೆ ಗಟ್ಟಿಯಾಗಿ, ಮುಂದೆ ಕ್ಲಿಪ್ ಹಾಕಿಸಿದಾಗ ಹಲ್ಲು ಕೂಡುವುದಕ್ಕೇ ಅಡ್ಡ ಬರಬಹುದು. ಆದರೂ ಈಗಲೇ ಒಂದು ಎಕ್ಸ್‌ರೇ, ಒಂದು ಅಳತೆ ಬೇಕೇ ಬೇಕು. ಸಂದಿಗೆ ಕಾರಣ ಬೇರೆಯೇ ಇದ್ದರೆ ಹನ್ನೆರಡರ ತನಕ ಕಾಯುವುದರಿಂದ ನಷ್ಟ. ಅತ್ತೆಯವರ ಅದೃಷ್ಟದ ಮಾತಿಗೆ ನನ್ನ ತಕರಾರಿಲ್ಲ. ವಸಡು ಆರೋಗ್ಯವಾಗಿದ್ದು, ದೊಡ್ಡವಳಾದ ಮೇಲೆ ಮಗಳಿಗೂ ಆ ಸಂದಿ ಚಂದ ಅನಿಸಿದರೆ, ಅದನ್ನು ಮುಚ್ಚಲೇಬೇಕೆಂಬ ವೈದ್ಯಕೀಯ ಕಾರಣ ಯಾವುದೂ ಇಲ್ಲ.

ಮೊದಲು ಆ ಪಟ್ಟಿ ಏನೆಂದು ಹೇಳುತ್ತೇನೆ. ಮೇಲ್ತುಟಿಯ ಒಳಮೈಯಿಂದ ವಸಡಿಗೆ ಇಳಿಯುವ ಪೊರೆಯ ಮಡಿಕೆಯೇ ಫ್ರೀನಮ್. ಅದರೊಳಗೆ ಇರುವುದು ಹೆಚ್ಚಾಗಿ ಕೊಲಾಜನ್ ಮತ್ತು ಹಿಗ್ಗುವ ಎಳೆಗಳು. ಸ್ನಾಯು ಇದ್ದರೂ ಅಲ್ಪ. ಹುಟ್ಟಿದ ಕೂಸಿನಲ್ಲಿ ಈ ಮಡಿಕೆ ವಸಡಿನ ಅಂಚನ್ನು ದಾಟಿ ಅಂಗುಳದ ಮುಂಭಾಗದ ಚಿಕ್ಕ ಉಬ್ಬಿನ ತನಕ ಹೋಗಿರುವುದು ತೀರಾ ಸಾಮಾನ್ಯ. ಹಲ್ಲು ಹುಟ್ಟುತ್ತ, ಹಲ್ಲನ್ನು ಹಿಡಿದ ಎಲುಬು ಕೆಳಮುಖವಾಗಿ ಬೆಳೆಯುತ್ತ ಹೋದಂತೆ ಫ್ರೀನಮ್ ಇದ್ದಲ್ಲೇ ಉಳಿಯುತ್ತದೆ, ವಸಡಿನ ಅಂಚು ಅದರಿಂದ ದೂರ ಸರಿಯುತ್ತದೆ. ನಮಗೆ ಮಾತ್ರ ಪಟ್ಟಿಯೇ ಮೇಲೆ ಹೋದ ಹಾಗೆ ಕಾಣುತ್ತದೆ. ಮೂರು ವರ್ಷದ ಮಗುವಿನಲ್ಲಿ ತೀರಾ ಕೆಳಗೆ ಕಂಡ ಫ್ರೀನಮ್ ಹನ್ನೆರಡರ ಹೊತ್ತಿಗೆ ಯಾವ ಚಿಕಿತ್ಸೆಯೂ ಇಲ್ಲದೆ ಮೇಲಿರುವುದಕ್ಕೆ ಇದೇ ಕಾರಣ. ಚಿಕ್ಕ ಮಕ್ಕಳಲ್ಲಿ ಅವಸರ ಬೇಡ ಅನ್ನುವುದೂ ಇದಕ್ಕೇ.

ಪಟ್ಟಿ ಎಲ್ಲಿ ಅಂಟಿದೆ ಎಂಬುದರ ಮೇಲೆ ಅದನ್ನು ನಾಲ್ಕು ಬಗೆಯಾಗಿ ಗುರುತಿಸುತ್ತಾರೆ. 1974ರಲ್ಲಿ ಪ್ಲಾಚೆಕ್ ಮತ್ತು ಸಂಗಡಿಗರು ಮಾಡಿದ ವಿಂಗಡಣೆ ಇದು, ಇಂದಿಗೂ ದಂತ ಕಾಲೇಜುಗಳಲ್ಲಿ ಕೇಸ್ ಶೀಟಿನಲ್ಲಿ ಬರೆಯುವುದು ಇದನ್ನೇ. ಸಡಿಲವಾದ ಕೆಂಪು ಪೊರೆ ಮುಗಿದು ಎಲುಬಿಗೆ ಬಿಗಿದುಕೊಂಡ ತಿಳಿಗೆಂಪು ವಸಡು ಶುರುವಾಗುವ ಗೆರೆಯಲ್ಲೇ ನಿಂತರೆ ಅದು ಮ್ಯೂಕೋಸಲ್. ಗಟ್ಟಿ ವಸಡಿನೊಳಗೆ ಇಳಿದರೆ ಜಿಂಜೈವಲ್. ಎರಡು ಹಲ್ಲುಗಳ ನಡುವಿನ ತ್ರಿಕೋನಾಕಾರದ ವಸಡಿಗೇ ಬಂದು ಸೇರಿದರೆ ಪ್ಯಾಪಿಲ್ಲರಿ. ಆ ತ್ರಿಕೋನವನ್ನೂ ದಾಟಿ ಹಿಂದಿನ ಅಂಗುಳದ ಉಬ್ಬಿನವರೆಗೆ ಹೋದರೆ ಪ್ಯಾಪಿಲ್ಲಾ ಪೆನೆಟ್ರೇಟಿಂಗ್. ಮೊದಲೆರಡು ಸಾಮಾನ್ಯ ರಚನೆಗಳೇ. ದೊಡ್ಡವರಲ್ಲಿ ತೊಂದರೆ ಕೊಡುವುದು ಬಹುಮಟ್ಟಿಗೆ ಕೊನೆಯ ಎರಡು. ಆದರೆ ಹೆಸರು ನೋಡಿ ಕತ್ತರಿ ಹಿಡಿಯಬಾರದು. ಪ್ಯಾಪಿಲ್ಲರಿ ಎಂದು ಬರೆಸಿಕೊಂಡೂ ಸಂದಿಯಿಲ್ಲದ ಹಲ್ಲು, ಗಟ್ಟಿಮುಟ್ಟಾದ ವಸಡು ಇಟ್ಟುಕೊಂಡ ಜನ ಬೇಕಾದಷ್ಟಿದ್ದಾರೆ.

ಹಾಗಾದರೆ ಯಾವುದು ಅಸಹಜ? ಇದನ್ನು ತೀರ್ಮಾನಿಸುವುದು ಎಳೆದು ನೋಡುವ ಪರೀಕ್ಷೆ. ಮೇಲ್ತುಟಿಯನ್ನು ಎರಡೂ ಕೈಯ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಹಿಡಿದು ಮುಂದಕ್ಕೆ, ಮೇಲಕ್ಕೆ, ಆಮೇಲೆ ಎಡ-ಬಲಕ್ಕೆ ಮೆಲ್ಲಗೆ ಎಳೆಯಬೇಕು. ಹಲ್ಲುಗಳ ನಡುವಿನ ತ್ರಿಕೋನ ವಸಡು, ಅಥವಾ ಹಲ್ಲಿನ ಹಿಂದಿರುವ ಅಂಗುಳದ ಉಬ್ಬು, ರಕ್ತ ಸರಿದು ಬೆಳ್ಳಗಾದರೆ ಎಳೆತ ಅಲ್ಲಿಯ ತನಕ ತಲುಪುತ್ತಿದೆ ಎಂದರ್ಥ. ತ್ರಿಕೋನ ವಸಡು ಹಲ್ಲಿನಿಂದ ಬಿಟ್ಟುಕೊಂಡು ಅಲುಗಾಡಿದರೆ ಎಳೆತ ಇನ್ನೂ ಜೋರಾಗಿದೆ ಎಂದು ತಿಳಿಯಬೇಕು. ಇದನ್ನು ಮನೆಯಲ್ಲಿ, ಬಾಗಿಲ ಬೆಳಕಿನಲ್ಲಿ ಕೂರಿಸಿ ನೀವೂ ನೋಡಬಹುದು. ತುಟಿಯನ್ನು ಬಲವಾಗಿ ಎಳೆದರೆ ಯಾವ ವಸಡಾದರೂ ಬೆಳ್ಳಗಾಗುತ್ತದೆ, ಹಾಗಾಗಿ ಮಗು ನಕ್ಕಾಗ ತುಟಿ ಎಷ್ಟು ಏರುತ್ತದೋ ಅದಕ್ಕಿಂತ ತುಸು ಹೆಚ್ಚು ಮಾತ್ರ ಎಳೆಯಿರಿ.

ನಮ್ಮ ಕಡೆ ದೊಡ್ಡವರನ್ನು ಪರೀಕ್ಷಿಸುವಾಗ ಇನ್ನೊಂದು ಎಚ್ಚರ ಬೇಕು. ಗುಟ್ಕಾ, ಅಡಿಕೆ ಹಾಕುವವರಲ್ಲಿ ತುಟಿ-ಕೆನ್ನೆಯ ಒಳಪೊರೆ ಬಿಳಿಚಿ ಬಿಗಿಯುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರುತ್ತದೆ. ಅವರ ಬಾಯಿ ಎಳೆಯದೆಯೂ ಬೆಳ್ಳಗೇ ಕಾಣುತ್ತದೆ. ಅದನ್ನು ಫ್ರೀನಮ್ ಬಿಗಿತವೆಂದು ಕತ್ತರಿಸಿದರೆ ಗಾಯ ಮತ್ತಷ್ಟು ಬಿಗಿಯುತ್ತದೆ.

ಇನ್ನು ಸಂದಿಯ ಅಳತೆ. ಎರಡು ಬಾಚಿಹಲ್ಲುಗಳ ನಡುವಿನ ಅಂತರವನ್ನು ವಸಡಿನ ಹತ್ತಿರ ಮತ್ತು ಹಲ್ಲಿನ ತುದಿಯಲ್ಲಿ ಬೇರೆಬೇರೆಯಾಗಿ ಮಿಲಿಮೀಟರಿನಲ್ಲಿ ಬರೆಸಿಕೊಳ್ಳಿ. ನಿಮ್ಮ ಮಗಳ ವಯಸ್ಸಿನಲ್ಲಿ ಹಲ್ಲಿನ ತುದಿಗಳು ಬೀಸಣಿಗೆಯ ಹಾಗೆ ಹೊರಗೆ ಹರಡಿ, ನಡುವೆ ಸಂದಿ ಬೀಳುವುದು ಬೆಳವಣಿಗೆಯ ಒಂದು ಹಂತ. 1937ರಲ್ಲಿ ಬ್ರಾಡ್‌ಬೆಂಟ್ ಇದನ್ನು ವಿವರಿಸಿ 'ಅಗ್ಲಿ ಡಕ್‌ಲಿಂಗ್' (ಕುರೂಪಿ ಬಾತುಕೋಳಿ ಮರಿ) ಹಂತ ಎಂದರು. ನಡೆಯುವುದು ಇಷ್ಟು: ಮೇಲಿನ ದವಡೆಯೊಳಗೆ ಇನ್ನೂ ಹುಟ್ಟದ ಕೋರೆಹಲ್ಲುಗಳು ಇಳಿಯುತ್ತ ಪಕ್ಕದ ಬಾಚಿಹಲ್ಲುಗಳ ಬೇರನ್ನು ಒಳಕ್ಕೆ ಒತ್ತುತ್ತವೆ. ಬೇರು ಒಳಕ್ಕೆ ಹೋದರೆ ಹಲ್ಲಿನ ತುದಿ ಹೊರಕ್ಕೆ ಬರುತ್ತದೆ. ಹನ್ನೊಂದು-ಹನ್ನೆರಡರಲ್ಲಿ ಕೋರೆಹಲ್ಲು ಬಾಯಿಗೆ ಬಂದಾಗ ಒತ್ತಡ ಬೇರಿನಿಂದ ಹಲ್ಲಿನ ತಲೆಯ ಭಾಗಕ್ಕೆ ಸರಿಯುತ್ತದೆ, ತುದಿಗಳು ಒಂದನ್ನೊಂದು ಕೂಡುತ್ತವೆ. ಸಂದಿ 2 ಮಿಲಿಮೀಟರಿನೊಳಗಿದ್ದರೆ ಹೀಗೆ ತಾನಾಗಿ ಮುಚ್ಚುವ ಸಂಭವ ಚೆನ್ನಾಗಿದೆ. ಅದಕ್ಕಿಂತ ಹೆಚ್ಚಿದ್ದರೆ ಪೂರ್ತಿ ಮುಚ್ಚುವುದು ಕಷ್ಟ, ಆದರೆ ಆಗಲೂ ಉತ್ತರ ಕ್ಲಿಪ್ಪೇ ಹೊರತು ಕತ್ತರಿಯಲ್ಲ.

ಎಕ್ಸ್‌ರೇ ಬೇಕೆನ್ನಲು ಕಾರಣ ಹೇಳುತ್ತೇನೆ. ಎರಡು ಬಾಚಿಹಲ್ಲುಗಳ ಬೇರಿನ ನಡುವೆ ಎಲುಬಿನೊಳಗೆ ಒಂದು ಹೆಚ್ಚುವರಿ ಹಲ್ಲು ಅಡಗಿ ಕೂತಿರಬಹುದು. ಮೀಸಿಯೋಡೆನ್ಸ್ ಅನ್ನುತ್ತಾರೆ, ಹುಡುಗರಲ್ಲಿ ತುಸು ಹೆಚ್ಚು. ಅದು ಇರುವ ತನಕ ಫ್ರೀನಮ್ ಎಷ್ಟೇ ಕತ್ತರಿಸಿದರೂ ಸಂದಿ ಕೂಡುವುದಿಲ್ಲ. ಪಕ್ಕದ ಬಾಚಿಹಲ್ಲು ಹುಟ್ಟಿನಿಂದಲೇ ಇಲ್ಲದಿರಬಹುದು, ಅಥವಾ ಗೂಟದ ಹಾಗೆ ಚೂಪಾಗಿ ಚಿಕ್ಕದಿರಬಹುದು. ಆಗ ಹಲ್ಲುಗಳಿಗೆ ಜಾಗ ಹೆಚ್ಚಾಗಿ ಅವು ಚದುರುತ್ತವೆ. ಬೆರಳು ಚೀಪುವ ರೂಢಿ, ನುಂಗುವಾಗ ನಾಲಿಗೆಯನ್ನು ಹಲ್ಲಿಗೆ ತಳ್ಳುವ ರೂಢಿ, ಕೆಳಹಲ್ಲು ಮೇಲಿನ ಹಲ್ಲಿನ ಹಿಂದೆ ತೀರಾ ಆಳಕ್ಕೆ ಕೂತು ಒತ್ತುವುದು, ದವಡೆಗೆ ಹೋಲಿಸಿದರೆ ಹಲ್ಲುಗಳೇ ಚಿಕ್ಕವಿರುವುದು, ಇಲ್ಲವೇ ತಂದೆ-ತಾಯಿಯಲ್ಲೂ ಅಂಥದ್ದೇ ಸಂದಿ ಇರುವುದು: ಇವೆಲ್ಲ ಕಾರಣಗಳನ್ನು ಪಕ್ಕಕ್ಕಿಟ್ಟ ಮೇಲೆ ಉಳಿಯುವುದು ಫ್ರೀನಮ್. ತಪ್ಪು ಎಷ್ಟೋ ಸಲ ಆಗುವುದು ಇಲ್ಲೇ. ಫ್ರೀನಮ್ ಕಣ್ಣಿಗೆ ಕಾಣುತ್ತದೆ, ಉಳಿದವು ಕಾಣುವುದಿಲ್ಲ. ಕಂಡದ್ದರ ಮೇಲೆ ಗೂಬೆ ಕೂರಿಸುತ್ತಾರೆ.

ಕೆಲವೇ ಹಲ್ಲುಗಳನ್ನು ಬೇರಿನ ಸಮೇತ ತೋರಿಸುವ ಸಣ್ಣ ಐಓಪಿಎ ಎಕ್ಸ್‌ರೇಯಲ್ಲಿ ಇನ್ನೊಂದು ಸುಳಿವೂ ಸಿಗುತ್ತದೆ. ಎರಡು ಹಲ್ಲುಗಳ ನಡುವಿನ ಎಲುಬಿನ ಅಂಚು ಮಾಮೂಲಾಗಿ ಗುಡ್ಡದ ಹಾಗೆ ಮೊನೆಯಾಗಿರುತ್ತದೆ. ಫ್ರೀನಮ್‌ನ ಎಳೆಗಳು ಎಲುಬಿನ ನಡುಗೆರೆಯೊಳಗೇ ಇಳಿದಿದ್ದರೆ ಅಲ್ಲಿ ಕಚ್ಚು ಬಿದ್ದ ಹಾಗೆ ತಗ್ಗು ಕಾಣುತ್ತದೆ. ಎಳೆತದ ಪರೀಕ್ಷೆಯಲ್ಲಿ ಅಂಗುಳ ಬೆಳ್ಳಗಾಗಿ, ಎಕ್ಸ್‌ರೇಯಲ್ಲಿ ಈ ತಗ್ಗೂ ಕಂಡು, ಕೋರೆಹಲ್ಲು ಬಂದ ಮೇಲೂ ಸಂದಿ ಉಳಿದಿದ್ದರೆ ಮಾತ್ರ ಫ್ರೀನಮ್ ಮೇಲೆ ನ್ಯಾಯವಾಗಿ ತಪ್ಪು ಹೊರಿಸಬಹುದು. ಈ ಮೂರರಲ್ಲಿ ಮೂರನೆಯದನ್ನು ನಿಮ್ಮ ಮಗಳಲ್ಲಿ ಇನ್ನೂ ನೋಡುವಂತಿಲ್ಲ, ವಯಸ್ಸಾಗಿಲ್ಲ.

ಈಗಲೇ ಕತ್ತರಿಸಬೇಕಾದ ಸಂದರ್ಭಗಳೂ ಇವೆ. ಎಳೆತದಿಂದ ಬಾಚಿಹಲ್ಲಿನ ವಸಡು ಮೇಲಕ್ಕೆ ಸರಿದು ಬೇರು ಕಾಣತೊಡಗಿದ್ದರೆ. ಪಟ್ಟಿ ದಪ್ಪಗಿದ್ದು ಬ್ರಷ್ ತಾಗಿದಾಗಲೆಲ್ಲ ನೋವಾಗಿ, ಅಲ್ಲಿ ಕೊಳೆ ಕೂತು ವಸಡು ಊದಿ ರಕ್ತ ಬರುತ್ತಿದ್ದರೆ. ತುಟಿ ಮೇಲೇಳದೆ ಬಾಯಿ ಮುಚ್ಚಲು ತೆರೆಯಲು ತೊಡಕಿದ್ದರೆ. ಅಥವಾ ಫ್ರೀನಮ್ ಎಷ್ಟು ದಪ್ಪ ಎಂದರೆ ಅದರ ಮಾಂಸವೇ ಹಲ್ಲು ಇಳಿಯುವ ದಾರಿಗೆ ಅಡ್ಡಬಿದ್ದಿದ್ದರೆ. ಸುಮ್ಮನೆ ಕೊಳೆ ಕೂರುತ್ತದೆ ಎಂಬ ದೂರಿದ್ದರೆ ಮೊದಲು ಬ್ರಷ್ ಹಿಡಿಯುವ ರೀತಿ ಬದಲಿಸಿ ನೋಡಿ: ಎಡಗೈ ತೋರುಬೆರಳನ್ನು ಪಟ್ಟಿಯ ಮೇಲೆ ಅಡ್ಡ ಇಟ್ಟು, ಬೆರಳಿನ ಕೆಳಗೆ ಬ್ರಷ್ ಆಡಿಸಿದರೆ ಎಳೆಗಳು ಪಟ್ಟಿಗೆ ಚುಚ್ಚುವುದಿಲ್ಲ. ಒಂದೇ ಬಾಯಲ್ಲಿ ಹಲವು ದಪ್ಪ ಫ್ರೀನಮ್‌ಗಳಿದ್ದು, ಜೊತೆಗೆ ಕೈಬೆರಳು ಹೆಚ್ಚಿದ್ದರೆ ಅಥವಾ ಹಲ್ಲು-ಉಗುರು ವಿಕಾರವಾಗಿದ್ದರೆ ಹುಟ್ಟಿನಿಂದ ಬರುವ, ಹೃದಯದ ದೋಷವೂ ಜೊತೆಗಿರಬಹುದಾದ ಎಲ್ಲಿಸ್-ವ್ಯಾನ್ ಕ್ರೆವೆಲ್ಡ್‌ನಂಥ ಸಿಂಡ್ರೋಮ್ ನೆನಪಿಗೆ ಬರಬೇಕು. ಅಂಥ ಮಗುವಿಗೆ ಹೃದಯದ ತಪಾಸಣೆ ಮೊದಲು, ತುಟಿ ಆಮೇಲೆ.

ಈಗ ಕ್ರಮದ ವಿಷಯ. ಸಂದಿ ಮುಚ್ಚಬೇಕೆಂದು ತೀರ್ಮಾನವಾದರೆ ಮೊದಲು ಕ್ಲಿಪ್ ಹಾಕಿ ಹಲ್ಲು ಕೂಡಿಸುವುದು, ಕೂಡಿದ ಮೇಲೆ, ಕ್ಲಿಪ್ ಬಿಚ್ಚುವ ಮೊದಲು ಫ್ರೀನಮ್ ತೆಗೆಯುವುದು. ಹೀಗೆ ಮಾಡಿದರೆ ಹಲ್ಲುಗಳು ಕೂಡಿದ ಸ್ಥಿತಿಯಲ್ಲೇ ಗಾಯ ಮಾಯುತ್ತದೆ, ಮಾಯುವಾಗ ಬಿಗಿಯುವ ಕಲೆ ಹಲ್ಲುಗಳನ್ನು ಒಟ್ಟಿಗೆ ಹಿಡಿಯಲು ಸಹಾಯ ಮಾಡುತ್ತದೆ. ಉಲ್ಟಾ ಮಾಡಿದರೆ ಅದೇ ಕಲೆ ಹಲ್ಲುಗಳ ನಡುವೆ ಗೋಡೆಯಾಗುತ್ತದೆ. ಫ್ರೀನಮ್ ತೀರಾ ದಪ್ಪಗಿದ್ದು ಹಲ್ಲು ಸರಿಯಲು ಬಿಡುತ್ತಿಲ್ಲ, ಅಥವಾ ಕೂಡುವಾಗ ನಡುವೆ ಸಿಕ್ಕ ಮಾಂಸ ನೋಯುತ್ತಿದೆ ಎಂದಾಗ ಮಾತ್ರ ಈ ಕ್ರಮ ಮುರಿಯಬಹುದು. ಆಗಲೂ ಕ್ಲಿಪ್ ಹಾಕಿ ಆಗಿರಬೇಕು, ಕತ್ತರಿಸಿದ ಮೇಲೆ ಹಲ್ಲು ಸರಿಸುವ ಕೆಲಸ ನಿಲ್ಲಬಾರದು. ಇನ್ನೊಂದು ಮಾತನ್ನು ಯಾರೂ ಒತ್ತಿ ಹೇಳುವುದಿಲ್ಲ: ಫ್ರೀನಮ್ ತೆಗೆದರೂ ಸಂದಿ ಮರಳಿ ಬರಬಹುದು. ಹಲ್ಲಿನಿಂದ ಹಲ್ಲಿಗೆ ಎಲುಬಿನ ಮೇಲೆ ಹಾಯುವ ಎಳೆಗಳಿಗೆ ಹಳೆಯ ಜಾಗದ ನೆನಪು ಹೆಚ್ಚು. 1977ರಲ್ಲಿ ಎಡ್ವರ್ಡ್ಸ್ ಈ ಕಾರಣಕ್ಕೇ ಫ್ರೀನಮ್ ಮೇಲಕ್ಕೆ ಸರಿಸುವುದರ ಜೊತೆ ಆ ಎಳೆಗಳನ್ನೂ ಕಡಿಯುವ ವಿಧಾನ ಹೇಳಿದರು. ಅಷ್ಟಾದರೂ ಹಲ್ಲಿನ ಹಿಂದೆ ಸಣ್ಣ ತಂತಿ ಅಂಟಿಸುವ ರಿಟೇನರ್ ತಪ್ಪಿದ್ದಲ್ಲ, ಅದನ್ನು ವರ್ಷಗಟ್ಟಲೆ ಇಟ್ಟುಕೊಳ್ಳಬೇಕು.

ಶಸ್ತ್ರಕ್ರಿಯೆ ಹೇಗಿರುತ್ತದೆ ಎಂದು ತಿಳಿದಿದ್ದರೆ ಡಾಕ್ಟರನ್ನು ಸರಿಯಾಗಿ ಪ್ರಶ್ನಿಸಬಹುದು, ಅದಕ್ಕೆ ತುಸು ವಿವರವಾಗಿ ಬರೆಯುತ್ತೇನೆ. ಸುಮ್ಮನೆ ಪಟ್ಟಿಯನ್ನು ಸೀಳಿ ಸಡಿಲಿಸುವುದು ಫ್ರೀನಾಟಮಿ. ಎಲುಬಿಗೆ ಅಂಟಿದ ಎಳೆಗಳ ಸಮೇತ ತೆಗೆಯುವುದು ಫ್ರೀನೆಕ್ಟಮಿ. ಸಂದಿಗೆಂದು ಮಾಡುವಾಗ ಬೇಕಾದದ್ದು ಎರಡನೆಯದು. ಮೊದಲನೆಯದನ್ನು ಮಾಡಿ ಎರಡನೆಯದರ ಹೆಸರು ಹೇಳಿದರೆ ಕೆಲವು ತಿಂಗಳಲ್ಲಿ ಪಟ್ಟಿ ಮತ್ತೆ ಇಳಿದು ಕೂರುತ್ತದೆ.

ಜೋಮು ಹಿಡಿಸಲು ಅಡ್ರಿನಾಲಿನ್ 1:80,000 ಸೇರಿದ 2 ಶೇಕಡಾ ಲಿಗ್ನೋಕೇನ್ ಸಾಕು. ಫ್ರೀನಮ್‌ನ ಎರಡೂ ಬದಿಗೆ ಸ್ವಲ್ಪ ಸ್ವಲ್ಪ, ಪಟ್ಟಿ ಅಂಗುಳದ ತನಕ ಹೋಗಿದ್ದರೆ ಹಲ್ಲಿನ ಹಿಂದೆಯೂ ಕೆಲವು ಹನಿ, ಒಟ್ಟು 1ರಿಂದ 1.5 ಮಿಲಿಲೀಟರ್. ಪ್ರತಿ ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಔಷಧ ಇರುತ್ತದೆ. ಮಕ್ಕಳಲ್ಲಿ ಕೆಜಿಗೆ 4.4 ಮಿಲಿಗ್ರಾಂ ಮಿತಿ ಇಟ್ಟುಕೊಂಡರೆ 24 ಕೆಜಿಯ ಮಗುವಿಗೆ ಸುಮಾರು 105 ಮಿಲಿಗ್ರಾಂ ಮೇಲ್ಮಿತಿ, ಇಲ್ಲಿ ಬಳಸುವುದು ಅದರ ಮೂರನೇ ಒಂದು ಪಾಲಿಗೂ ಕಡಿಮೆ. ಇಂಜೆಕ್ಷನ್ನನ್ನು ಪಟ್ಟಿಯ ನಡುವೆಯೇ ಒತ್ತಿ ಹಾಕಿದರೆ ಅದು ಊದಿಕೊಂಡು ಅಂಚು ಎಲ್ಲಿ ಮುಗಿಯುತ್ತದೆಂದೇ ತಿಳಿಯದಂತಾಗುತ್ತದೆ, ಅದಕ್ಕೆ ಬದಿಗೆ ಹಾಕಬೇಕು. ಹಾಕಿದ ಮೇಲೆ 3-5 ನಿಮಿಷ ಕಾಯಬೇಕು.

ಹಳೆಯ, ಇಂದಿಗೂ ನಂಬಬಹುದಾದ ವಿಧಾನದಲ್ಲಿ ತುಟಿಯನ್ನು ಎತ್ತಿ ಹಿಡಿದು ಫ್ರೀನಮ್ಮನ್ನು ಹೀಮೋಸ್ಟಾಟ್ ಇಕ್ಕಳದಿಂದ, ತುಟಿ-ವಸಡು ಕೂಡುವ ಮಡಿಕೆಯ ಆಳದ ತನಕ ಕಚ್ಚಿಸುತ್ತಾರೆ. 15ನೇ ನಂಬರಿನ ಬ್ಲೇಡಿನಿಂದ ಇಕ್ಕಳದ ಮೇಲ್ಮೈಗುಂಟ ಒಂದು ಕೊಯ್ತ, ಕೆಳಮೈಗುಂಟ ಒಂದು ಕೊಯ್ತ. ಇಕ್ಕಳದೊಂದಿಗೆ ಪಟ್ಟಿಯ ಮಾಂಸ ತ್ರಿಕೋನಾಕಾರದಲ್ಲಿ ಹೊರಬರುತ್ತದೆ, ಉಳಿದ ಗಾಯ ವಜ್ರಾಕಾರದಲ್ಲಿ ತೆರೆದುಕೊಳ್ಳುತ್ತದೆ. ಕೆಲಸ ಮುಗಿಯಿತು ಎಂದು ಎಷ್ಟೋ ಜನ ನಿಲ್ಲಿಸುವುದು ಇಲ್ಲಿ, ನಿಜವಾದ ಕೆಲಸ ಇರುವುದು ಇದರ ಮುಂದೆ. ಗಾಯದ ತಳದಲ್ಲಿ ಎಲುಬಿಗೆ ಅಂಟಿದ ಬಿಳಿ ಎಳೆಗಳನ್ನು ಅಡ್ಡ ಕೊಯ್ತದಿಂದ ಕಡಿದು, ಮೊಂಡ ಉಪಕರಣದಿಂದ ಎಲುಬಿನ ಮೇಲಿಂದ ಬಿಡಿಸಬೇಕು. ಆಮೇಲೆ ತುಟಿಯನ್ನು ಮತ್ತೊಮ್ಮೆ ಎಳೆದು ನೋಡಬೇಕು. ತ್ರಿಕೋನ ವಸಡು ಇನ್ನೂ ಅಲುಗಾಡಿದರೆ ಎಳೆ ಉಳಿದಿದೆ ಎಂದೇ ಲೆಕ್ಕ.

ಹೊಲಿಗೆಯಲ್ಲೂ ಕ್ರಮ ಇದೆ. 4-0 ರೇಷ್ಮೆ ದಾರ ಅಥವಾ ಕರಗುವ ವಿಕ್ರಿಲ್ ದಾರ ಬಳಸಿ, ಮೊದಲ ಹೊಲಿಗೆಯನ್ನು ಮಡಿಕೆಯ ಅತಿ ಆಳದ ಜಾಗದಲ್ಲಿ, ಎಲುಬಿನ ಮೇಲಿನ ಪೊರೆಯನ್ನೂ ಸೇರಿಸಿ ಹಾಕಬೇಕು. ಆ ಒಂದು ಹೊಲಿಗೆ ಮಡಿಕೆಯ ಆಳ ಕಾಯುತ್ತದೆ, ಒಳಗೆ ರಕ್ತ ಗಂಟು ಕಟ್ಟದಂತೆಯೂ ತಡೆಯುತ್ತದೆ. ಅದನ್ನು ಬಿಟ್ಟು ತುಟಿಯ ಕಡೆಯಷ್ಟೇ ಹೊಲಿದರೆ ಸಂಜೆಯ ಹೊತ್ತಿಗೆ ತುಟಿ ದಪ್ಪಗೆ ಊದಿ ಮನೆಯವರು ಗಾಬರಿಯಾಗುತ್ತಾರೆ. ಹಲ್ಲಿನ ಹತ್ತಿರದ ಗಟ್ಟಿ ವಸಡಿನ ಭಾಗ ಹೊಲಿಗೆಗೆ ಬರುವುದಿಲ್ಲ, ಅದು ಒಂದೆರಡು ವಾರದಲ್ಲಿ ತಾನೇ ತುಂಬಿಕೊಳ್ಳುತ್ತದೆ. ಅದರ ಮೇಲೆ ಕೋ-ಪ್ಯಾಕ್ ಎಂಬ ಗುಲಾಬಿ ಬಣ್ಣದ ಪಟ್ಟು ಮೆತ್ತುವವರೂ ಇದ್ದಾರೆ. ರೇಷ್ಮೆ ಹೊಲಿಗೆಯನ್ನು ಏಳನೇ ದಿನ ತೆಗೆಯುತ್ತಾರೆ.

ಎಲ್ಲಕ್ಕಿಂತ ಕೆಟ್ಟ ತಪ್ಪು ಎಂದರೆ ಹಲ್ಲುಗಳ ನಡುವಿನ ತ್ರಿಕೋನ ವಸಡನ್ನೇ ಕೊಯ್ದುಬಿಡುವುದು. ಹಲ್ಲು ಕೂಡಿದರೂ ನಡುವೆ ವಸಡಿಲ್ಲದೆ ಕಪ್ಪು ತ್ರಿಕೋನ ಉಳಿಯುತ್ತದೆ, ಮಾತಾಡುವಾಗ ಉಗುಳು ಸಿಡಿಯುತ್ತದೆ, ಅದನ್ನು ಮತ್ತೆ ತುಂಬಿಸುವುದು ದೊಡ್ಡ ತಜ್ಞರಿಗೂ ಸುಲಭವಲ್ಲ. ಕಾಣುವ ಜಾಗದಲ್ಲಿ ಕಲೆ ಬೀಳದಿರಲಿ ಎಂದು ಮಿಲ್ಲರ್ 1985ರಲ್ಲಿ ಹೇಳಿದ ವಿಧಾನದಲ್ಲಿ ಪಕ್ಕದ ಗಟ್ಟಿ ವಸಡನ್ನು ಬುಡ ಬಿಡದೆ ಸರಿಸಿ ಗಾಯದ ಮೇಲೆ ಮುಚ್ಚುತ್ತಾರೆ. ಕ್ಲಿಪ್ ಆದ ಮೇಲಿನ ಕೇಸುಗಳಿಗೆ ಇದು ನನ್ನ ಮಟ್ಟಿಗೆ ಒಳ್ಳೆಯ ಆಯ್ಕೆ. ಪಟ್ಟಿ ಅಗಲವಾಗಿ, ತುಟಿಯ ಮಡಿಕೆಯೂ ಗಿಡ್ಡವಿದ್ದರೆ ಝಡ್ ಪ್ಲಾಸ್ಟಿ: 60 ಡಿಗ್ರಿಯ ಎರಡು ತ್ರಿಕೋನಗಳನ್ನು ಅದಲುಬದಲು ಮಾಡಿದರೆ ಆ ಗೆರೆಯ ಉದ್ದ ಲೆಕ್ಕದ ಪ್ರಕಾರ 75 ಶೇಕಡಾ ಹೆಚ್ಚುತ್ತದೆ.

ಲೇಸರ್ ಬಗ್ಗೆ ಕೇಳಿದ್ದೀರಿ. ನಮ್ಮ ಕ್ಲಿನಿಕ್ಕುಗಳಲ್ಲಿ ಹೆಚ್ಚಾಗಿ ಇರುವುದು 810ರಿಂದ 980 ನ್ಯಾನೋಮೀಟರ್ ನಡುವಿನ ಡಯೋಡ್ ಲೇಸರ್. ರಕ್ತ ಕಡಿಮೆ, ಹೊಲಿಗೆ ಸಾಮಾನ್ಯವಾಗಿ ಬೇಡ, ಮೊದಲ ದಿನಗಳ ನೋವೂ ಕಡಿಮೆ. ಹೆದರುವ ಮಗುವಿಗೆ ಇದು ದೊಡ್ಡ ಅನುಕೂಲ. ಆದರೆ ಗಾಯ ತೆರೆದೇ ಇದ್ದು ಮಾಯುವುದರಿಂದ ಮೊದಲ ವಾರ ಬ್ಲೇಡಿನ ಗಾಯಕ್ಕಿಂತ ನಿಧಾನ ಅನಿಸುತ್ತದೆ. ತುದಿಯನ್ನು ಒಂದೇ ಜಾಗದಲ್ಲಿ ನಿಲ್ಲಿಸಿದರೆ ಶಾಖ ಎಲುಬಿಗೆ ಇಳಿಯುತ್ತದೆ. ಆ ಭಯಕ್ಕೆ ಆಳಕ್ಕೇ ಹೋಗದಿದ್ದರೆ ಎಲುಬಿನ ಎಳೆಗಳು ಉಳಿಯುತ್ತವೆ. ಮಗು, ಡಾಕ್ಟರು, ಸಹಾಯಕಿ ಮೂವರ ಕಣ್ಣಿಗೂ ಆ ಲೇಸರಿಗೆ ತಕ್ಕ ಕನ್ನಡಕ ಇರಬೇಕು. ವಿದ್ಯುತ್ತಿನ ಶಾಖದಿಂದ ಕೊಯ್ಯುವ ಕಾಟರಿಯಲ್ಲೂ ಮಾಡುತ್ತಾರೆ. ಎದೆಯಲ್ಲಿ ಪೇಸ್‌ಮೇಕರ್ ಇರುವ ದೊಡ್ಡವರಿಗೆ ಅದು ಬೇಡ. ಒಟ್ಟಿನಲ್ಲಿ ಲೇಸರ್ ಒಂದು ಉಪಕರಣ. ಯಾವಾಗ ಕತ್ತರಿಸಬೇಕು ಎಂಬ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ.

ಮಗಳಿಗೆ ಮುಂದೆ ಮಾಡಿಸುವ ಪ್ರಸಂಗ ಬಂದರೆ ಮೊದಲೇ ಹೇಳಬೇಕಾದವು: ಗಾಯವಾದಾಗ ರಕ್ತ ಬೇಗ ನಿಲ್ಲುವುದಿಲ್ಲವೇ, ಮನೆತನದಲ್ಲಿ ಹಿಮೋಫಿಲಿಯಾ ಇದೆಯೇ, ಹೃದಯದಲ್ಲಿ ಹುಟ್ಟಿನಿಂದ ದೋಷವಿದೆಯೇ, ಯಾವ ಔಷಧ ಮೈಗೆ ಆಗುವುದಿಲ್ಲ. ಕೆಲವು ಹೃದಯ ದೋಷಗಳಲ್ಲಿ ಒಂದು ಗಂಟೆ ಮೊದಲು ಅಮಾಕ್ಸಿಸಿಲಿನ್ ಕೊಡಬೇಕಾಗುತ್ತದೆ. ಆರೋಗ್ಯವಂತ ಮಗುವಿಗೆ ಆಂಟಿಬಯಾಟಿಕ್ ಬೇಕಾಗುವುದಿಲ್ಲ, ಕೇಳಿ ಬರೆಸಿಕೊಳ್ಳಬೇಡಿ. ದಸರಾ ರಜೆ ಅಥವಾ ಮೇ ತಿಂಗಳು ಅನುಕೂಲ. ಮುಂದಿನ ವಾರ ಊರ ಜಾತ್ರೆ ಇಟ್ಟುಕೊಂಡು ಮಾಡಿಸಿದರೆ ಬಾಯಿ ಕಟ್ಟುವುದು ಮಗುವಿಗೂ ಕಷ್ಟ, ನಿಮಗೂ ಕಷ್ಟ.

ಮಾಡಿಸಿದ ಮೇಲೆ 20-30 ನಿಮಿಷ ಗಾಜ್ ಒತ್ತಿಟ್ಟುಕೊಳ್ಳುವುದು, ಮೊದಲ ದಿನ ಹೊರಗಿನಿಂದ ಐಸ್ ಹತ್ತು ನಿಮಿಷ ಇಟ್ಟು ಹತ್ತು ನಿಮಿಷ ಬಿಡುವುದು. ಜೋಮು ಇಳಿಯುವ ತನಕ, ಸುಮಾರು ಎರಡು-ಮೂರು ತಾಸು, ಮಗು ತುಟಿ ಕಚ್ಚಿಕೊಳ್ಳದಂತೆ ಕಣ್ಣಿಡಿ. ಮಕ್ಕಳಲ್ಲಿ ಕೊಯ್ದ ಗಾಯಕ್ಕಿಂತ ಕಚ್ಚಿಕೊಂಡ ಗಾಯವೇ ದೊಡ್ಡದಾಗುವುದುಂಟು. ಊಟಕ್ಕೆ ಮೊದಲ ಮೂರು-ನಾಲ್ಕು ದಿನ ಆರಿದ ಜೋಳದ ನುಚ್ಚು-ಮಜ್ಜಿಗೆ, ಮೊಸರನ್ನ, ಸಜ್ಜಕ, ಮೆತ್ತಗೆ ಮಾಡಿದ ಇಡ್ಲಿ. ಕಟಕ್ ರೊಟ್ಟಿ, ಗಿರ್ಮಿಟ್ಟು, ಚುರುಮುರಿ ಬೇಡ. ಮುಂದಿನ ಹಲ್ಲಿನಲ್ಲಿ ಏನನ್ನೂ ಕಚ್ಚಬಾರದು. ಶೇಂಗಾ ಮತ್ತು ಗುರೆಳ್ಳು ಚಟ್ನಿಪುಡಿ ಹೊಲಿಗೆಯ ಸಂದಿಯಲ್ಲಿ ಕೂತರೆ ತೆಗೆಯುವುದೇ ಒಂದು ಕೆಲಸ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕಷ್ಟೇ, ಖಾರ ಇಲ್ಲ ಎಂದು ನೀವು ಹೇಳಬಹುದು, ತೆರೆದ ಗಾಯಕ್ಕೆ ಅಷ್ಟು ಖಾರವೂ ಸಾಕು.

ನೋವಿಗೆ ಪ್ಯಾರಾಸಿಟಮಾಲ್, ಕೆಜಿಗೆ 10-15 ಮಿಲಿಗ್ರಾಂ. 24 ಕೆಜಿ ಮಗುವಿಗೆ 5 ಮಿಲಿಲೀಟರಿನಲ್ಲಿ 250 ಮಿಲಿಗ್ರಾಂ ಇರುವ ಸಿರಪ್ ಆದರೆ 5 ಮಿಲಿಲೀಟರ್, ಆರು ತಾಸಿಗೊಮ್ಮೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಲ್ಲ. ಸಿರಪ್ಪುಗಳಲ್ಲಿ 120, 125 ಮತ್ತು 250ರ ಬಾಟಲಿಗಳು ಒಂದೇ ಥರ ಕಾಣುತ್ತವೆ, ಕೂಸುಗಳ ಡ್ರಾಪ್ಸ್ ಇನ್ನೂ ಗಟ್ಟಿ. ಚೀಟಿ ಓದದೆ ಅಳೆಯಬೇಡಿ. ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು. ಉಗುಳಲು ಬರುವ ಮಗುವಾದರೆ ಡಾಕ್ಟರು ಹೇಳಿದಂತೆ ಬಾಯಿ ಮುಕ್ಕಳಿಸುವ ಕ್ಲೋರ್‌ಹೆಕ್ಸಿಡಿನ್ ಔಷಧ, ಒಂದು ವಾರ ಮಾತ್ರ. ಅದನ್ನು ಪೇಸ್ಟ್ ಹಚ್ಚಿ ತಿಕ್ಕಿದ ಅರ್ಧ ತಾಸಿನ ನಂತರ ಬಳಸಬೇಕು, ಜೊತೆಗೆ ಚಹಾ ಹೆಚ್ಚು ಕುಡಿದರೆ ಹಲ್ಲು ಕಂದಾಗುತ್ತದೆ. ಎರಡನೇ ಮೂರನೇ ದಿನ ಗಾಯದ ಮೇಲೆ ಬಿಳಿ-ಹಳದಿ ಪದರ ಕಾಣುತ್ತದೆ. ಅದು ಕೀವು ಅಲ್ಲ, ಮಾಯುವ ಲಕ್ಷಣ, ಒರೆಸಬೇಡಿ. ಬಂದ ನೆಂಟರಿಗೆಲ್ಲ ತುಟಿ ಎತ್ತಿ ತೋರಿಸಿದರೆ ಹೊಲಿಗೆ ಹರಿಯುತ್ತದೆ. ಒತ್ತಿ ಹಿಡಿದರೂ ಅರ್ಧ ತಾಸಿನಲ್ಲಿ ರಕ್ತ ನಿಲ್ಲದಿದ್ದರೆ, ಮೂರನೇ ದಿನದ ನಂತರ ಊತ-ನೋವು ಇಳಿಯುವ ಬದಲು ಏರಿದರೆ, ಜ್ವರ ಬಂದರೆ ಅವತ್ತೇ ತೋರಿಸಿ.

ಇನ್ನು ತಂಗಿಯವರ ಕೂಸು. ಮೂರು ತಿಂಗಳಲ್ಲಿ ಫ್ರೀನಮ್ ಕೆಳಗಿರುವುದು ಸಹಜ ಎಂದು ಮೇಲೆ ಹೇಳಿದೆ. ಮೇಲ್ತುಟಿಯ ಫ್ರೀನಮ್ ಕತ್ತರಿಸಿದರೆ ಹಾಲು ಕುಡಿಯುವುದು ಸುಧಾರಿಸುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಮೊಲೆ ಹಿಡಿಯುವಾಗ ಮುಖ್ಯ ಕೆಲಸ ನಾಲಿಗೆ ಮತ್ತು ಕೆಳದವಡೆಯದು, ಮೇಲ್ತುಟಿ ಸುಮ್ಮನೆ ಮುಚ್ಚಿಕೊಂಡರೆ ಸಾಕು. ಆದ್ದರಿಂದ ಮೊದಲು ನೋಡಬೇಕಾದದ್ದು ಕೂಸು ಹಿಡಿಯುವ ರೀತಿ: ಬಾಯಿ ಅಗಲ ತೆರೆದಿದೆಯೇ, ಗದ್ದ ಎದೆಗೆ ತಾಗಿದೆಯೇ, ಕೆಳತುಟಿ ಹೊರಕ್ಕೆ ಮಡಚಿದೆಯೇ, ಮೊಲೆತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಿಗಿಂತ ಮೇಲೆ ಹೆಚ್ಚು ಕಾಣುತ್ತಿದೆಯೇ. ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದು, ತೂಕ ಈ ವಯಸ್ಸಿನಲ್ಲಿ ದಿನಕ್ಕೆ ಸುಮಾರು 20-30 ಗ್ರಾಂ ಏರುತ್ತಿದ್ದರೆ ತುಟಿಯ ಪಟ್ಟಿ ಮರೆತುಬಿಡಿ. ತಾಯಿ ಕಾರ್ಡಿನಲ್ಲಿ ತೂಕದ ಗೆರೆ ನೋಡಿದರೆ ತಿಳಿಯುತ್ತದೆ. ತೂಕ ಏರದಿದ್ದರೆ ಅಥವಾ ತೊಟ್ಟು ಒಡೆದು ನೋಯುತ್ತಿದ್ದರೆ ಮಕ್ಕಳ ಡಾಕ್ಟರು ನಾಲಿಗೆಯ ಕೆಳಗಿನ ಕಟ್ಟನ್ನೂ ಸೇರಿಸಿ ನೋಡಲಿ, ಅದು ಬೇರೆ ವಿಷಯ. ಮುಂದೆ ಕೂಸು ನಡೆಯಲು ಕಲಿಯುವಾಗ ಬಿದ್ದು ಈ ಪಟ್ಟಿ ತಾನೇ ಹರಿಯುವುದುಂಟು. ರಕ್ತ ನೋಡಿ ಹೌಹಾರಬೇಡಿ. ತುಟಿಯನ್ನು ಹೊರಗಿನಿಂದ ಸ್ವಚ್ಛ ಬಟ್ಟೆಯಲ್ಲಿ ಹತ್ತು ನಿಮಿಷ ಒತ್ತಿದರೆ ನಿಲ್ಲುತ್ತದೆ, ಹೊಲಿಗೆ ಬೇಕಾಗುವುದು ಅಪರೂಪ, ಹಲ್ಲು ಅಲುಗಾಡುತ್ತಿದೆಯೇ ಎಂದಷ್ಟೇ ತೋರಿಸಿ.

ದೊಡ್ಡವರ ಬಗ್ಗೆ ಎರಡು ಮಾತು, ಇದನ್ನು ಓದುವ ಮನೆಯಲ್ಲಿ ಯಾರಿಗಾದರೂ ಬೇಕಾಗಬಹುದು. ನಲವತ್ತರ ನಂತರ ಹೊಸದಾಗಿ ಮುಂದಿನ ಹಲ್ಲುಗಳ ನಡುವೆ ಸಂದಿ ಬಿದ್ದರೆ ಅದು ಫ್ರೀನಮ್ ಅಲ್ಲ, ಹೆಚ್ಚಾಗಿ ವಸಡಿನ ರೋಗದಿಂದ ಎಲುಬು ಕರಗಿ ಹಲ್ಲು ಸರಿದಿರುವುದು. ಸಕ್ಕರೆ ಕಾಯಿಲೆ ಪರೀಕ್ಷೆಯನ್ನೂ ಮಾಡಿಸಿ. ಹಲ್ಲಿನ ಸೆಟ್ ಹಾಕಿದವರಲ್ಲಿ ಪಟ್ಟಿ ತಗಲಿ ಸೆಟ್ ಕಳಚಿದರೆ ಮೊದಲು ಸೆಟ್ಟಿನ ಅಂಚಿನಲ್ಲಿ ಕಚ್ಚು ಹಾಕಿಸಿ ನೋಡಬೇಕು, ಸಾಲದಿದ್ದರೆ ಮಾತ್ರ ಫ್ರೀನೆಕ್ಟಮಿ.

ಈಗ ನಿಮ್ಮ ಕೆಲಸ ಇಷ್ಟು. ಧಾರವಾಡದ ಸತ್ತೂರಿನಲ್ಲಿರುವ ಎಸ್‌ಡಿಎಂ ದಂತ ಕಾಲೇಜಿನಂಥ ಕಡೆ ಮಕ್ಕಳ ಹಲ್ಲು, ಕ್ಲಿಪ್, ವಸಡು ಮೂರೂ ವಿಭಾಗ ಒಂದೇ ಕಡೆ ಸಿಗುತ್ತವೆ. ಇಂಥ ಕೇಸಿನಲ್ಲಿ ಮೂವರೂ ನೋಡುವುದು ಒಳ್ಳೆಯದು. ಒಂದು ಐಓಪಿಎ ಎಕ್ಸ್‌ರೇ ತೆಗೆಸಿ, ಸಂದಿಯ ಅಳತೆ ಮತ್ತು ಎಳೆತದ ಪರೀಕ್ಷೆಯ ಫಲಿತಾಂಶ ಚೀಟಿಯಲ್ಲಿ ಬರೆಸಿಕೊಳ್ಳಿ. ಹೆಚ್ಚುವರಿ ಹಲ್ಲು ಕಂಡರೆ ಅದನ್ನು ಯಾವಾಗ ತೆಗೆಯಬೇಕೆಂದು ಆಗಲೇ ತೀರ್ಮಾನಿಸಲಿ. ಕಾಣದಿದ್ದರೆ ಆರು ತಿಂಗಳಿಗೊಮ್ಮೆ ತುಟಿ ಎತ್ತಿ, ಹಲ್ಲಿನ ಪಕ್ಕ ಸಣ್ಣ ಸ್ಕೇಲ್ ಹಿಡಿದು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ವಸಡು ಸರಿಯುತ್ತಿದ್ದರೆ ಹೋಲಿಸಿದಾಗ ಗೊತ್ತಾಗುತ್ತದೆ. ಹತ್ತು ವರ್ಷ ತುಂಬಿದಾಗ ಕೋರೆಹಲ್ಲಿನ ಉಬ್ಬು ವಸಡಿನ ಮೇಲ್ಭಾಗದಲ್ಲಿ ಎರಡೂ ಕಡೆ ಬೆರಳಿಗೆ ಸಿಗುತ್ತದೆಯೇ ಎಂದು ಡಾಕ್ಟರಿಂದ ನೋಡಿಸಿ. ಒಂದು ಕಡೆ ಸಿಗದಿದ್ದರೆ ಹನ್ನೆರಡರ ತನಕ ಕಾಯದೆ ಆಗಲೇ ದೊಡ್ಡ ಎಕ್ಸ್‌ರೇ ಆಗಬೇಕು.